ಬೇನೆಯನ್ನು ಯಾರ ಸಂಗಡ ಹೇಳಿಕೊಳ್ಳಬೇಕು?

(ಈ ಪಾಠಕ್ಕೆ ಮುಂಚಿತವಾಗಿ ಯೋಬನ ಪುಸ್ತಕದ 2ನೆಯ ಅಧ್ಯಾಯದ ಕೊನೆಯ ಭಾಗವನ್ನೂ ಅರಸುಗಳ ಎರಡನೆಯ ಪುಸ್ತಕದ 5ನೆಯ ಅಧ್ಯಾಯದ ಮೊದಲ ಭಾಗವನ್ನೂ ಮನೆಯವರೆಲ್ಲರು ಕೂಡಿ ಓದಿಕೊಳ್ಳುವದು ಒಳ್ಳೇದು.)



ಸುಳ್ಯ ತಾಲೂಕಿನ ಕೊಲ್ಲಮೊಗ್ರು, ಕಲ್ಮಕಾರು ಎಂಬ ಗ್ರಾಮಗಳು ಘಟ್ಟದ ಬುಡದಲ್ಲಿ ಕಾಡಿಗೂ ತೋಡಿಗೂ ನಡುವೆ ಇರುತ್ತವೆ. ಇಲ್ಲಿಯವರ ಅನ್ನವು ಹೆಚ್ಚಾಗಿ ಅಡಿಕೆಯ ಮರದಿಂದಲೇ ಬರುವದು. ಕೆಲವು ವರುಷಗಳ ಹಿಂದೆ ಈ ತೋಟಗಳಲ್ಲಿ ಎಲೆಚುಕ್ಕಿ ರೋಗವು ಕಾಣಿಸಿಕೊಂಡಾಗ ಜನರು ಏನು ಮಾಡಿದರೆಂಬದನ್ನು ನಾನು ಕಣ್ಣಾರೆ ನೋಡಿದ್ದೇನೆ. ಚುಕ್ಕಿ ಬಿದ್ದ ಸೋಗೆಯನ್ನು ಮೊದಲು ಕಂಡವನು ಅದನ್ನು ಮುರಿದು ಹೆಗಲ ಮೇಲೆ ಹಾಕಿಕೊಂಡು ನೆರೆಯವನ ಅಂಗಳಕ್ಕೆ ಹೋದನು. ನೆರೆಯವನು ತನ್ನ ತೋಟದ ಸೋಗೆಯನ್ನು ತಂದು ಅದರ ಬದಿಯಲ್ಲಿ ಇಟ್ಟನು. ಮರುದಿನ ಹಾಲಿನ ಡಿಪೋದಲ್ಲಿ ಅದೇ ಮಾತು. ಸೊಸಾಯಿಟಿಯಲ್ಲಿ ಅದೇ ಮಾತು. ಮದುವೆಯ ಚಪ್ಪರದಲ್ಲಿಯೂ ಅದೇ ಮಾತು. ಮೈಲುತುತ್ತು ಎಷ್ಟು, ಸುಣ್ಣ ಎಷ್ಟು, ಯಾರ ತೋಟದಲ್ಲಿ ಯಾವ ಮದ್ದು ಹಿಡಿಯಿತು, ಯಾರದಲ್ಲಿ ಹಿಡಿಯಲಿಲ್ಲ ಎಂದು ಒಬ್ಬರಿಂದೊಬ್ಬರು ಕೇಳಿ ತಿಳುಕೊಂಡರು. ನಮ್ಮ ಪುತ್ತೂರಿನಿಂದ 1988ರಿಂದ ಹೊರಡುತ್ತಿರುವ ‘ಅಡಿಕೆ ಪತ್ರಿಕೆ’ಯಲ್ಲಿ ಕೃಷಿಕರು ತಾವೇ ಲೇಖನಿ ಹಿಡಿದು ಇತರ ಕೃಷಿಕರಿಗೆ ತಮ್ಮ ಅನುಭವವನ್ನು ತಿಳಿಸುವ ಪದ್ಧತಿ ಉಂಟಷ್ಟೆ. ಮರದ ಬೇನೆಯನ್ನು ಹೇಳಿಕೊಳ್ಳುವದರಲ್ಲಿ ನಮಗೆ ಯಾವ ನಾಚಿಕೆಯೂ ಇಲ್ಲ.

ಆದರೆ ಹಾಗೆ ಸೋಗೆಯನ್ನು ಹೊತ್ತುಕೊಂಡು ಹೋದವರಲ್ಲಿ ಒಬ್ಬ ಸಹೋದರನ ಕೆನ್ನೆಯ ಒಳಗಡೆ ಒಂದು ಬಿಳೀ ಕಲೆ ಹುಟ್ಟಿ ಆಗಲೇ ಹನ್ನೊಂದು ತಿಂಗಳಾಗಿತ್ತು. ಮೆಣಸು ತಾಕಿದರೆ ಬಾಯಿ ಉರಿಯುತ್ತಿತ್ತು. ಮೂರು ಬೆರಳು ಹಿಡಿಸುವಷ್ಟು ಬಾಯಿ ತೆರೆಯಲಿಕ್ಕೆ ಆಗುತ್ತಿರಲಿಲ್ಲ. ಇದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ. ಮರದ ಎಲೆಯ ಚುಕ್ಕಿಯನ್ನು ಊರಿಗೆಲ್ಲಾ ತೋರಿಸಿದವನು ತನ್ನ ಬಾಯೊಳಗಿನ ಚುಕ್ಕಿಯನ್ನು ಎಲೆಯಡಿಕೆಯಿಂದಲೇ ಮುಚ್ಚಿಟ್ಟಿದ್ದನು. ಇವನ ಸಂಗತಿಯನ್ನು ಕೊನೆಯಲ್ಲಿ ಹೇಳುವೆನು.

ನಾವು ಬೇನೆಯನ್ನು ಯಾಕೆ ಮುಚ್ಚಿಡುತ್ತೇವೆ? ಹತ್ತು ಹದಿನೈದು ವರುಷ ಮನೆಮನೆ ತಿರುಗಿ ನಾನು ಕೇಳಿದ ಕಾರಣಗಳು ಬಹಳವೇನೂ ಅಲ್ಲ. ಮಗಳ ಮದುವೆ ನಿಂತೀತು ಎಂಬದೊಂದು. ಹೇಳಿದರೆ ಆಸ್ಪತ್ರೆಗೆ ಹೋಗಬೇಕಾಗುವದು, ಹೋದರೆ ತೋಟದ ಮೇಲೆ ಸಾಲವಾಗುವದು ಎಂಬದೊಂದು. ಹೆಸರು ಗೊತ್ತಾಗದಿದ್ದರೆ ಬೇನೆಯೂ ಇಲ್ಲವೆಂಬ ಮರುಳು ಇನ್ನೊಂದು. ಹೆಂಗಸರಾದರೆ, ಎದೆಯ ಗಂಟನ್ನಾಗಲಿ ನಿಲ್ಲದ ರಕ್ತಸ್ರಾವವನ್ನಾಗಲಿ ಗಂಡಸರು ಕುಳಿತಿರುವ ಮನೆಯಲ್ಲಿ ಬಾಯಿಬಿಟ್ಟು ಹೇಳುವದು ಹೇಗೆ? ಇದು ಹೊಸ ತೊಂದರೆಯಲ್ಲ. 1923ರಲ್ಲಿ ಡಾಕ್ಟರ್ ಎವಾ ಲೊಂಬಾರ್ಡ್ ಅಮ್ಮನವರು ಉಡುಪಿಯಲ್ಲಿ ಹೆಂಗಸರಿಗೂ ಮಕ್ಕಳಿಗೂ ಆಸ್ಪತ್ರೆಯನ್ನು ತೆರೆದ ಕಾಲದಲ್ಲಿಯೂ ಹೀಗೆಯೇ ಇತ್ತು. ಇವೆಲ್ಲಕ್ಕಿಂತ ಆಳವಾದ ಕಾರಣ ಇನ್ನೊಂದುಂಟು. ಬೇನೆಯು ತನ್ನ ಯಾವದೋ ಪಾಪದ ಫಲವಾಗಿರಬೇಕೆಂದೂ ಅದನ್ನು ತೋರಿಸಿದರೆ ಪಾಪವನ್ನೇ ತೋರಿಸಿದಂತಾಗುವದೆಂದೂ ಮನುಷ್ಯನು ಒಳಗೊಳಗೆ ಹೆದರುತ್ತಾನೆ.

ಯೋಬನ ಮೂವರು ಸ್ನೇಹಿತರ ಸಂಗತಿಯನ್ನು ಈ ಕಾರಣದಿಂದಲೇ ಓದಬೇಕೆಂದು ಹೇಳಿದೆನು. ಆ ಮೂವರನ್ನು ನಾವು ಸಾಮಾನ್ಯವಾಗಿ ಬೈಯುತ್ತೇವೆ. ಆದರೆ ಅವರು ದೂರದಿಂದ ನಡೆದು ಬಂದರು. ಹುಣ್ಣು ತುಂಬಿದ ಮನುಷ್ಯನ ಬಳಿಯಲ್ಲಿ ನೆಲದ ಮೇಲೆ ಕುಳಿತರು. ಏಳು ಹಗಲು ಏಳು ರಾತ್ರಿ ಬಾಯಿಬಿಡಲಿಲ್ಲ. ಆ ಏಳು ದಿನ ಅವರಷ್ಟು ಒಳ್ಳೇ ನೆರೆಯವರು ಯಾರೂ ಇರಲಿಲ್ಲ. ಎಂಟನೆಯ ದಿನ ಅವರು ಬೇನೆಯ ಕಾರಣವನ್ನು ವಿವರಿಸಲಿಕ್ಕೆ ಪ್ರಾರಂಭಿಸಿದರು, ಅಲ್ಲಿಂದ ಕೆಟ್ಟಿತು. ಮೂವರೂ ಬೇರೆ ಬೇರೆ ಮಾತುಗಳಲ್ಲಿ ಒಂದನ್ನೇ ಹೇಳಿದರು: ನೀನೇನೋ ಮಾಡಿರಬೇಕು. ಬೇನೆಯವನ ಬಳಿಗೆ ಹೋದ ಎಷ್ಟೋ ಮಂದಿ ಏಳು ದಿನದ ಕೆಲಸವನ್ನು ಏಳು ನಿಮಿಷದಲ್ಲಿ ಮುಗಿಸಿ ಎಂಟನೆಯ ದಿನದ ಕೆಲಸಕ್ಕೆ ಕೈಹಾಕುವದನ್ನು ನಾನು ನೋಡಿದ್ದೇನೆ. ನಾನೂ ಹಾಗೆ ಮಾಡಿದ್ದೇನೆ. ಅದನ್ನು ಮುಂದೆ ಹೇಳಬೇಕಾಗಿದೆ.

ಈ ಭಯದ ಫಲವೇನೆಂಬದನ್ನು ತಿಳಿಯುವದಕ್ಕೆ ಹಳೇ ಕಾಲಕ್ಕೆ ಹೋಗಬೇಕಾಗಿಲ್ಲ. ಪುತ್ತೂರಿನಿಂದ ಗಡಿ ದಾಟಿದರೆ ಸಾಕು. ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನಲ್ಲಿ ಪಡ್ರೆ ಎಂಬ ಗ್ರಾಮವುಂಟು. ಅಲ್ಲಿಯ ಜನರು ಕನ್ನಡವನ್ನೂ ತುಳುವನ್ನೂ ಆಡುವವರು, ನಮ್ಮ ಹಾಗೆಯೇ ಅಡಿಕೆ ಬೆಳೆಯುವವರು. ಅವರ ಮನೆಗಳ ಮೇಲಣ ಗುಡ್ಡಗಳಲ್ಲಿ ಕೇರಳ ಸರಕಾರದ ಪ್ಲಾಂಟೇಶನ್ ಕಾರ್ಪೊರೇಶನಿನ ಗೇರು ತೋಪುಗಳು ಇದ್ದವು. ಗೇರಿನ ಚಿಗುರನ್ನು ಕೆಡಿಸುವ ಕೀಟವನ್ನು ಕೊಲ್ಲುವದಕ್ಕಾಗಿ 1970ರ ದಶಕದ ಕೊನೆಯಿಂದ 2000ದ ವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ವಿಷವನ್ನು ಚಿಮಿಕಿಸುತ್ತಿದ್ದರು. ಗುಡ್ಡದ ಮೇಲೆ ಬಿದ್ದದ್ದು ಮಳೆಯ ಸಂಗಡ ತೋಡಿಗೆ ಇಳಿಯುತ್ತಿತ್ತು; ಆ ತೋಡಿನ ನೀರನ್ನೂ ಸುರಂಗದ ನೀರನ್ನೂ ಕೆಳಗಿನವರು ಕುಡಿಯುತ್ತಿದ್ದರು.

ಕೆಲವು ಮನೆಗಳಲ್ಲಿ ಹುಟ್ಟಿದ ಮಕ್ಕಳು ನಡೆಯಲಿಲ್ಲ; ಕೆಲವು ಮಕ್ಕಳು ಮಾತಾಡಲಿಲ್ಲ; ಕೆಲವರಿಗೆ ಅಪಸ್ಮಾರ, ಕೆಲವರಿಗೆ ಬುದ್ಧಿಮಾಂದ್ಯ. ಪ್ರಾಯದವರಲ್ಲಿ ಕ್ಯಾನ್ಸರ್ ಕಂಡುಬಂತು. ದೈವದ ಕೋಪವೆಂದು ಕೆಲವರು, ಕುಟುಂಬಕ್ಕೆ ತಗಲಿದ ಶಾಪವೆಂದು ಕೆಲವರು ಭಾವಿಸಿ, ಕದ ಮುಚ್ಚಿದ ಮನೆಯೊಳಗೆ ತಮ್ಮ ತಮ್ಮ ಮಗುವನ್ನು ಮಲಗಿಸಿ ದಿನ ಕಳೆದರು. ಗುಡ್ಡದ ಈ ಬದಿಯ ತಾಯಿಗೆ ಆ ಬದಿಯ ತಾಯಿಯ ಸಂಗತಿ ಸರಿಯಾಗಿ ತಿಳಿಯದೆ ವರುಷಗಳು ಹೋದವು. ಒಂದು ಮನೆಯಲ್ಲಿ ಬಿದ್ದ ಕಷ್ಟವನ್ನು ಶಾಪವೆಂದು ಹೇಳಬಹುದು. ನೂರು ಮನೆಗಳ ಕಷ್ಟವನ್ನು ಒಂದೇ ಕಾಗದದ ಮೇಲೆ ಬರೆದು ನೋಡಿದರೆ ಆ ಮಾತು ನಿಲ್ಲುವದಿಲ್ಲ. ಹಾಗೆ ಸೇರಿಸಿ ನೋಡಲಿಕ್ಕೆ ಮೊದಲಾಗಿ ಮನಸ್ಸು ಮಾಡಿದವರು ಅಲ್ಲಿಯೇ ವಾಣೀನಗರದಲ್ಲಿ ರೋಗಿಗಳನ್ನು ನೋಡುತ್ತಿದ್ದ ಡಾಕ್ಟರ್ ವೈ. ಎಸ್. ಮೋಹನ ಕುಮಾರರು. ಒಂದೇ ಸುತ್ತಿನ ಮನೆಗಳಿಂದ ಇಂಥಾ ಬೇನೆಗಳು ಮಿತಿ ಮೀರಿ ಬರುವದು ಅವರಿಗೆ ಸೋಜಿಗವೆನಿಸಿತು. ಅದೇ ಗ್ರಾಮದವರಾದ ಪತ್ರಕರ್ತ ಶ್ರೀ ಪಡ್ರೆಯವರು, ಮೊದಲೇ ಹೇಳಿದ ‘ಅಡಿಕೆ ಪತ್ರಿಕೆ’ಯ ಸಂಪಾದಕರು, ಈ ಸಂಗತಿಯನ್ನು ಹೊರಗಿನ ಲೋಕಕ್ಕೆ ತಿಳಿಸಿದರು. ತೆಂಕಲಾಗಿ ಪೆರಿಯ ಎಂಬಲ್ಲಿ ಕೃಷಿ ಇಲಾಖೆಯಲ್ಲಿ ಕೆಲಸ ಮಾಡುತ್ತಿದ್ದ ಲೀಲಾಕುಮಾರಿ ಅಮ್ಮ ಎಂಬ ಸ್ತ್ರೀಯು 1998ರಲ್ಲಿ ಹೊಸದುರ್ಗದ ನ್ಯಾಯಾಲಯದಲ್ಲಿ ದಾವೆ ಹೂಡಿದಳು. 2000ದಲ್ಲಿ ಚಿಮಿಕಿಸುವದು ನಿಂತಿತು.

2001ರಲ್ಲಿ ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದವರು ಪಡ್ರೆಯ ನೀರು, ಮಣ್ಣು, ರಕ್ತ, ತಾಯಿಯ ಹಾಲು ಇವುಗಳನ್ನು ಪರೀಕ್ಷಿಸಿ ವಿಷವಿದೆಯೆಂದರು; ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಇಲ್ಲಿಯ ಶಾಲೆಯ ಮಕ್ಕಳನ್ನು ಮೀಂಜ ಪಂಚಾಯತಿನ ಮಕ್ಕಳ ಸಂಗಡ ಹೋಲಿಸಿ ನೋಡಿದರು. ಎಲ್ಲಾ ಬೇನೆಗಳಿಗೂ ಇದೊಂದೇ ಕಾರಣವೋ ಎಂಬ ವಿಷಯದಲ್ಲಿ ವಿದ್ವಾಂಸರ ವಾದವು ಇನ್ನೂ ಪೂರ್ತಿಯಾಗಿ ಮುಗಿದಿಲ್ಲ. ಆದರೆ 2011ನೆಯ ಮೇ 13ರಂದು ಸುಪ್ರೀಂ ಕೋರ್ಟು ದೇಶದಲ್ಲೆಲ್ಲಾ ಆ ವಿಷವನ್ನು ತಡೆಯಿತು. 2017ನೆಯ ಜನವರಿ 10ರಂದು ಬಾಧಿತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಕೇರಳ ಸರಕಾರಕ್ಕೆ ಆಜ್ಞೆಯಾಯಿತು. ನಮ್ಮ ಜಿಲ್ಲೆಯಲ್ಲಿಯೂ ಬೆಳ್ತಂಗಡಿ ತಾಲೂಕಿನ ಕೊಕ್ಕಡ, ನಿಡ್ಲೆ, ಪಟ್ರಮೆ ಗ್ರಾಮಗಳ ಗೇರು ತೋಪುಗಳಿಂದ ಇದೇ ಕಷ್ಟ ಬಂದಿತು. ಕೊಕ್ಕಡದಲ್ಲಿಯೂ ಈಗ ಕಡಬ ತಾಲೂಕಿಗೆ ಸೇರಿದ ಕೊಯಿಲದಲ್ಲಿಯೂ ಅಂಥಾ ಮಕ್ಕಳಿಗಾಗಿ ಪಾಲನಾ ಕೇಂದ್ರಗಳು ಹುಟ್ಟಿದವು.

ನಾನು ಈ ಚರಿತ್ರೆಯನ್ನು ವಿಷದ ವಿಷಯವಾಗಿ ಹೇಳಲಿಲ್ಲ. ಮುಚ್ಚಿಟ್ಟ ಮಗುವನ್ನು ಅಂಗಳಕ್ಕೆ ತಂದ ತಾಯಂದಿರ ವಿಷಯವಾಗಿ ಹೇಳಿದೆನು. ಅವರು ಒಬ್ಬರನ್ನೊಬ್ಬರು ಕಂಡುಕೊಂಡ ಮೇಲೆ ಮಕ್ಕಳನ್ನು ಎತ್ತಿಕೊಂಡು ತಿರುವನಂತಪುರದ ವರೆಗೆ ಹೋಗಿ 2016ರಲ್ಲಿಯೂ 2019ರಲ್ಲಿಯೂ ಸರಕಾರದ ಕಚೇರಿಯ ಮುಂದೆ ಕುಳಿತರು. ಅವರಲ್ಲಿ ಯಾರಿಗೂ ವೈದ್ಯಶಾಸ್ತ್ರ ಗೊತ್ತಿರಲಿಲ್ಲ. ಆದರೆ ಅಪಸ್ಮಾರ ಬಂದ ಮಗುವನ್ನು ಯಾವ ಮಗ್ಗುಲಿಗೆ ಮಲಗಿಸಬೇಕು, ಇಪ್ಪತ್ತು ವರುಷದ ಮಗನನ್ನು ಒಬ್ಬಳೇ ಸ್ನಾನ ಮಾಡಿಸುವದು ಹೇಗೆ, ನಾನು ಸತ್ತ ಮೇಲೆ ಇವನಿಗೆ ಯಾರು ಎಂಬ ಪ್ರಶ್ನೆಯನ್ನು ಇಟ್ಟುಕೊಂಡು ರಾತ್ರಿ ನಿದ್ದೆ ಮಾಡುವದು ಹೇಗೆ, ಇಂಥಾದ್ದನ್ನು ಇನ್ನೊಬ್ಬ ಅಂಥಾ ತಾಯಿಯಲ್ಲದೆ ಯಾರು ಹೇಳಿಕೊಟ್ಟಾರು?

ಇಷ್ಟರ ತನಕ ಓದಿದವರು, ಹಾಗಾದರೆ ಬೇನೆಯನ್ನು ಕಂಡಕಂಡವರಿಗೆಲ್ಲಾ ಹೇಳಿ ಅವರು ಹೇಳಿದಂತೆ ಮಾಡಬೇಕೆಂದು ತಿಳಿಯಬಾರದು. ನಾನು ಮೇಲೆ ಒಪ್ಪಿಕೊಂಡ ನನ್ನ ತಪ್ಪನ್ನು ಈಗ ಹೇಳುತ್ತೇನೆ.

ಮೂರು ಮಳೆಗಾಲಗಳ ಹಿಂದೆ, ಜುಲೈ ತಿಂಗಳಲ್ಲಿ, ನಮ್ಮ ಕಡೆಯ ಒಬ್ಬ ಕೂಲಿಕಾರನಿಗೆ ಜ್ವರ ಬಂತು. ಅವನು ಅಡಿಕೆ ತೋಟದ ಕಣಿಗಳಲ್ಲಿ ಬರಿಗಾಲಲ್ಲಿ ನಿಂತು ಮಣ್ಣು ತೆಗೆಯುವ ಕೆಲಸದವನು. ಕಾಲಿನ ಬೆರಳುಗಳ ಸಂದು ಒಡೆದು ಹುಣ್ಣಾಗಿತ್ತು. ಐದನೆಯ ದಿನ ಅವನ ಕಣ್ಣು ಹಳದಿಯಾಯಿತು. ಕಾಮಾಲೆಯೆಂದು ಸುತ್ತಲಿನವರೆಲ್ಲಾ ನಿಶ್ಚಯಿಸಿದರು. ಒಬ್ಬರು ಕಿರುನೆಲ್ಲಿಯನ್ನು ಅರೆದು ಮಜ್ಜಿಗೆಯಲ್ಲಿ ಕೊಡಬೇಕೆಂದರು. ಒಬ್ಬರು ಉಪ್ಪು, ಎಣ್ಣೆ ಬಿಡಬೇಕೆಂದು ಪಥ್ಯ ಹೇಳಿದರು. ಮತ್ತೊಬ್ಬರು ಕೈಗೆ ಬರೆ ಹಾಕುವವರ ಮನೆಯ ದಾರಿಯನ್ನು ತೋರಿಸಿದರು. ಆ ಮನೆಗೆ ನಾನೂ ಹೋದೆನು. ಸೆಮಿನಾರಿಯಲ್ಲಿ ಓದಿದವನೆಂಬ ಗೌರವದಿಂದ ಅವನ ಹೆಂಡತಿಯು ನನ್ನ ಮುಖವನ್ನು ನೋಡಿ, “ಉಪದೇಶಿಗಳು ಏನು ಹೇಳುತ್ತೀರಿ?” ಎಂದು ಕೇಳಿದಳು. ನಾನು, “ನನ್ನ ಅತ್ತೆಗೆ ಹೀಗೆಯೇ ಆಗಿತ್ತು, ನಾಟಿ ಮದ್ದಿನಲ್ಲಿಯೇ ಗುಣವಾಯಿತು, ಹೆದರಬೇಡ ತಂಗೀ” ಎಂದೆನು. ಅತ್ತೆಗೆ ಗುಣವಾದದ್ದು ಸತ್ಯ. ಆದರೆ ಅತ್ತೆಗೆ ಬಂದದ್ದು ಯಾವ ಬೇನೆ, ಇವನಿಗೆ ಬಂದದ್ದು ಯಾವ ಬೇನೆ ಎಂದು ನಾನು ಯೋಚಿಸಲಿಲ್ಲ. ಹಳದಿ ಕಣ್ಣು ಒಂದೇ ಬೇನೆಯ ಗುರುತಲ್ಲ. ಕೆಲವು ಬಗೆಯ ಕಾಮಾಲೆಯು ಯಾವ ಮದ್ದೂ ಇಲ್ಲದೆ ತಾನಾಗಿಯೇ ವಾಸಿಯಾಗುವದು. ಆಗ ಕೊಟ್ಟ ಮದ್ದಿಗೆ ಕೀರ್ತಿ ಬರುವದು.

ಸಂಜೆಗೆ ಅಲ್ಲಿಗೆ ಒಬ್ಬ ವಿಧವೆ ಬಂದಳು. ರಬ್ಬರಿನ ಹಾಲು ತೆಗೆಯುವ ಕೆಲಸದವಳು. ಆಕೆಯ ಅಭಿಪ್ರಾಯವನ್ನು ಊರಲ್ಲಿ ಯಾರೂ ಕೇಳುವ ವಾಡಿಕೆಯಿಲ್ಲ. ಆಕೆ ರೋಗಿಯ ಮೀನಖಂಡವನ್ನು ಮೆಲ್ಲಗೆ ಒತ್ತಿದಳು, ಅವನು ಕೂಗಿದನು. “ಮೂತ್ರ ಹೋಯಿತೋ?” ಎಂದು ಕೇಳಿದಳು. ನಿನ್ನೆಯಿಂದ ಇಲ್ಲವೆಂದರು. ಆಗ ಆಕೆ, “ಹೋದ ವರುಷ ನನ್ನ ತಮ್ಮನಿಗೂ ಕಣ್ಣು ಹೀಗೆಯೇ ಹಳದಿಯಾಗಿತ್ತು, ಕಾಲು ಹೀಗೆಯೇ ನೋಯುತ್ತಿತ್ತು, ಮೂತ್ರ ನಿಂತಿತ್ತು. ನಾವು ನಾಲ್ಕು ದಿನ ಮನೆಯಲ್ಲಿಟ್ಟುಕೊಂಡೆವು. ಆಮೇಲೆ ಅದನ್ನು ಇಲಿಜ್ವರವೆಂದರು. ಅವನು ಉಳಿಯಲಿಲ್ಲ. ಅಕ್ಕಾ, ಇವತ್ತೇ ರಾತ್ರಿ ಹೊರಡಿ, ನಾನೂ ಬರುತ್ತೇನೆ” ಎಂದಳು. ಆಕೆ ಯಾವ ಮದ್ದನ್ನೂ ಹೇಳಲಿಲ್ಲ. ತಾನು ಕಂಡದ್ದನ್ನು ಹೇಳಿದಳು, ಸಂಗಡ ಹೊರಟಳು. ಮಳೆಯಲ್ಲಿ ಜೀಪು ಹುಡುಕಿ, ತೋಡಿನ ನೀರು ಇಳಿಯುವದನ್ನು ಒಂದು ತಾಸು ಕಾದು, ಮಧ್ಯರಾತ್ರಿಯ ಮೇಲೆ ಅವನನ್ನು ಆಸ್ಪತ್ರೆಗೆ ಮುಟ್ಟಿಸಿದರು. ಮೂತ್ರಪಿಂಡಗಳು ಕೆಲಸ ನಿಲ್ಲಿಸಿದ್ದವು. ಕೆಲವು ಸಾರಿ ಡಯಾಲಿಸಿಸ್ ಮಾಡಬೇಕಾಯಿತು. ಇಪ್ಪತ್ತೆರಡನೆಯ ದಿನ ಮನೆಗೆ ಬಂದನು. ನನ್ನ ಮಾತನ್ನು ಕೇಳಿ ಇನ್ನೆರಡು ದಿನ ಕೂತಿದ್ದರೆ ಅವನ ಹೆಂಡತಿಯೂ ವಿಧವೆಯಾಗುತ್ತಿದ್ದಳು.

ಇಲಿಜ್ವರದ ವಿಷಯ ಇಲ್ಲಿಯೇ ಎರಡು ಮಾತು. ಇಲಿಗಳ, ಕೆಲವು ಸಾರಿ ದನನಾಯಿಗಳ ಮೂತ್ರದಿಂದ ನೀರಿಗೂ ಕೆಸರಿಗೂ ಸೇರುವ ಸೂಕ್ಷ್ಮಜೀವಿಯು ಒಡೆದ ಚರ್ಮದ ಮೂಲಕ ಮನುಷ್ಯನೊಳಗೆ ಹೊಗುವದು. ಜ್ವರ, ತಲೆನೋವು, ಮೀನಖಂಡದ ಕಠಿಣ ನೋವು, ಕೆಂಪು ಕಣ್ಣು ಇವು ಗುರುತುಗಳು. ಕೆಲವರಲ್ಲಿ ಕಣ್ಣು ಹಳದಿಯಾಗಿ ಮೂತ್ರ ನಿಲ್ಲುವದು. ಮೊದಲ ದಿವಸಗಳಲ್ಲಿಯೇ ವೈದ್ಯರ ಕೈಗೆ ಸಿಕ್ಕಿದರೆ ಸಾಮಾನ್ಯವಾಗಿ ಸಿಗುವ ಔಷಧಗಳಿಂದಲೇ ವಾಸಿಯಾಗುವದು. ಕಣಿಯಲ್ಲಿ ಇಳಿಯುವವರು ಗಂಬೂಟು ಹಾಕಿಕೊಳ್ಳುವದು ಒಳ್ಳೇದು. ಅದನ್ನು ಕೊಡಿಸಬೇಕಾದವರು ತೋಟದ ಯಜಮಾನರೆಂದು ನನ್ನ ಅಭಿಪ್ರಾಯ.

ನಾಮಾನನ ಸಂಗತಿಯಲ್ಲಿ ಸೇನಾಪತಿಯ ಮನೆಯ ಸೆರೆಯಾಳಾದ ಹುಡುಗಿಯನ್ನು ನೆನಸಿಕೊಳ್ಳಿರಿ. ಅವಳು ಕುಷ್ಠಕ್ಕೆ ಮದ್ದು ಹೇಳಲಿಲ್ಲ. ಎಲ್ಲಿಗೆ ಹೋದರೆ ಆದೀತೆಂಬದನ್ನು ಹೇಳಿದಳು. ಒಬ್ಬ ಅರಸನು ಇನ್ನೊಬ್ಬ ಅರಸನಿಗೆ ಪತ್ರ ಬರೆದನು, ಅದನ್ನು ಓದಿದ ಅರಸನು ಗಾಬರಿಯಾದನು. ದಾರಿ ಗೊತ್ತಿದ್ದದ್ದು ಅವಳಿಗೆ. ಆದದರಿಂದ ಸಲಹೆ ಕೇಳುವಾಗ, ಕೇಳಿಸಿಕೊಳ್ಳುವವನು ಎಷ್ಟು ಓದಿದವನು, ಎಂಥಾ ಮನೆಯವನು ಎಂದು ನೋಡುವದಕ್ಕಿಂತ, ಇವನು ಈ ದಾರಿಯಲ್ಲಿ ನಡೆದವನೋ ಎಂದು ನೋಡಬೇಕು. ನಡೆದವನಲ್ಲಿ ಕೇಳಬೇಕಾದದ್ದೂ ಬೇರೆ. ಯಾವ ಗುಳಿಗೆ ನುಂಗಿದೆ ಎಂದು ಕೇಳಬೇಡಿರಿ; ಅವನ ಚೀಟಿಯನ್ನು ತೆಗೆದುಕೊಂಡು ಹೋಗಿ ಅಂಗಡಿಯಲ್ಲಿ ಅದೇ ಗುಳಿಗೆಯನ್ನು ಕೊಳ್ಳಬೇಡಿರಿ. ಮೊದಲು ಯಾವ ಗುರುತು ಕಂಡಿತು, ಎಷ್ಟು ದಿನ ಸುಮ್ಮನಿದ್ದೆ, ಯಾವ ಆಸ್ಪತ್ರೆಯ ಯಾವ ಬಾಗಿಲಿಗೆ ಹೋದೆ, ರೇಷನ್ ಕಾರ್ಡು, ಆಯುಷ್ಮಾನ್ ಕಾರ್ಡು ಎಲ್ಲಿ ತೋರಿಸಬೇಕು, ಸಂಗಡ ಎಷ್ಟು ಮಂದಿ ಬೇಕು, ಮನೆಯಲ್ಲಿ ದನಕ್ಕೆ ಹುಲ್ಲು ಹಾಕಿದವರು ಯಾರು, ರಾತ್ರಿ ಭಯವಾದಾಗ ಏನು ಮಾಡಿದೆ ಎಂದು ಕೇಳಿರಿ. ಇವುಗಳಿಗೆ ಉತ್ತರವು ಯಾವ ವೈದ್ಯನ ಚೀಟಿಯಲ್ಲಿಯೂ ಇರುವದಿಲ್ಲ. ಗ್ರಾಮದ ಆಶಾ ಕಾರ್ಯಕರ್ತೆಯರು ಈ ದಾರಿಗಳನ್ನು ಎಷ್ಟೋ ಸಾರಿ ನಡೆದವರು; ಅವರು ನಮ್ಮ ನೆರೆಮನೆಯ ಹೆಂಗಸರೇ ಆಗಿರುವದರಿಂದ ನಾವು ಅವರನ್ನು ಲಕ್ಷ್ಯ ಮಾಡುವದಿಲ್ಲ.

ಕ್ಷಯರೋಗದಲ್ಲಿ ಜೊತೆಗಾರನ ಅಗತ್ಯವು ಇನ್ನೂ ಹೆಚ್ಚು. ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದ್ದರೆ ಸರಕಾರಿ ಆಸ್ಪತ್ರೆಯಲ್ಲಿ ಕಫವನ್ನು ಪುಕ್ಕಟೆಯಾಗಿ ಪರೀಕ್ಷಿಸುವರು, ಮದ್ದೂ ಪುಕ್ಕಟೆ, ಪಥ್ಯದ ಆಹಾರಕ್ಕಾಗಿ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದದ್ದನ್ನು 2024ನೆಯ ನವೆಂಬರದಿಂದ 1000 ಮಾಡಿದ್ದಾರೆ. ಆದರೆ ಸಾಧಾರಣವಾಗಿ ಆರು ತಿಂಗಳು ಬಿಡದೆ ಮದ್ದು ತಿನ್ನಬೇಕು. ಎರಡನೆಯ ತಿಂಗಳಿಗೆ ಕೆಮ್ಮು ನಿಲ್ಲುವದು, ಮೈ ತುಂಬುವದು. ಆಗ ಮದ್ದನ್ನು ಬಿಡುವ ಮನಸ್ಸಾಗುವದು, ಬಿಟ್ಟರೆ ಬೇನೆ ಮೊದಲಿಗಿಂತ ಗಟ್ಟಿಯಾಗಿ ತಿರುಗಿ ಬರುವದು. ವೈದ್ಯರು ಹೇಳಿದರೆ ಕೇಳದವನು, ಆರು ತಿಂಗಳು ಮುಗಿಸಿ ತೋಟಕ್ಕೆ ಹೋಗುತ್ತಿರುವ ಒಬ್ಬನು, “ನನಗೂ ಮೂರನೆಯ ತಿಂಗಳಲ್ಲಿ ಬಿಡುವ ಮನಸ್ಸಾಗಿತ್ತು, ಭಾವಾ” ಎಂದರೆ ಕೇಳುತ್ತಾನೆ.

ಇನ್ನು ಹೇಳಿಸಿಕೊಳ್ಳುವವರ ವಿಷಯ ಒಂದು ಕಹಿಯಾದ ಮಾತು. ನಮ್ಮ ಸಭೆಗಳಲ್ಲಿ ಬೇನೆಯ ಸಂಗತಿಯು ಪ್ರಾರ್ಥನೆಯ ವಿಷಯವೆಂಬ ಹೆಸರಿನಲ್ಲಿ ಹೊರಟು ಆದಿತ್ಯವಾರ ಮುಗಿಯುವದರೊಳಗೆ ನಾಲ್ಕು ಗ್ರಾಮಗಳಿಗೆ ಮುಟ್ಟುವದುಂಟು. ಒಬ್ಬ ತಾಯಿಯು ತನ್ನ ಮಗಳ ಅಪಸ್ಮಾರವನ್ನು ಒಬ್ಬ ಸಹೋದರಿಯ ಕಿವಿಯಲ್ಲಿ ಹೇಳಿದಳು. ಆ ಸಹೋದರಿ ಅದನ್ನು ಕಣ್ಣು ಮುಚ್ಚಿ ಗಟ್ಟಿಯಾಗಿ ದೇವರಿಗೆ ಹೇಳಿದಳು. ಕಿವಿ ಮುಚ್ಚಿಕೊಂಡವರು ಯಾರೂ ಇರಲಿಲ್ಲ. ಆ ತಾಯಿ ಮತ್ತೆ ಯಾರಿಗೂ ಏನೂ ಹೇಳಿಲ್ಲ. ಎಚ್.ಐ.ವಿ. ಇರುವವರ ಸಂಗತಿಯನ್ನು ಅವರ ಒಪ್ಪಿಗೆಯಿಲ್ಲದೆ ಬಯಲು ಮಾಡಬಾರದೆಂದು 2017ರಲ್ಲಿ ದೇಶದ ಕಾಯಿದೆಯೇ ಆಗಿದೆ. ಉಳಿದ ಬೇನೆಗಳಿಗೆ ಅಂಥಾ ಕಾಯಿದೆ ಬೇಕೋ? ಒಬ್ಬನು ನಿಮ್ಮ ಸಂಗಡ ಹೇಳಿದ್ದನ್ನು ನಿಮ್ಮ ಹೆಂಡತಿಗೆ ಹೇಳುವ ಮೊದಲೂ ಅವನನ್ನು ಕೇಳಿರಿ. ಮನಸ್ಸಿನ ಬೇನೆಯವರು ಊರಲ್ಲಿ ಯಾರಿಗೂ ಹೇಳಲಾರದೆ ಹೋದರೆ 14416 ಎಂಬ ಸಂಖ್ಯೆಗೆ ಟೆಲಿಫೋನು ಮಾಡಬಹುದು; 2022ರಿಂದ ಸರಕಾರವು ನಡಿಸುವ ಈ ಸೇವೆಯಲ್ಲಿ ಹಗಲೂ ರಾತ್ರಿಯೂ ಕೇಳುವವರಿದ್ದಾರೆ, ಕನ್ನಡದಲ್ಲಿಯೂ ಮಾತಾಡಬಹುದು.

ಬಾಯೊಳಗೆ ಬಿಳೀ ಕಲೆಯಿದ್ದ ಸಹೋದರನ ಸಂಗತಿಗೆ ಬರುತ್ತೇನೆ. ಅಡಿಕೆಯನ್ನು ಬೆಳೆದು ಬದುಕುವ ನಮಗೆ ಈ ಮಾತು ರುಚಿಸದು, ಆದರೂ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯವರು 2004ರಲ್ಲಿ, ಹೊಗೆಸೊಪ್ಪು ಸೇರಿಸದೆ ಬರೀ ಅಡಿಕೆಯನ್ನು ಜಗಿದರೂ ಅದು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳಲ್ಲಿ ಒಂದೆಂದು ತೀರ್ಮಾನಿಸಿದರು. ಹೊಗೆಸೊಪ್ಪು ಕೂಡಿದರೆ ಅಪಾಯವು ಇನ್ನೂ ಹೆಚ್ಚು. ಬಾಯಲ್ಲಿ ಬಿಳೀ ಇಲ್ಲವೆ ಕೆಂಪು ಕಲೆ, ಎರಡು ಮೂರು ವಾರಕ್ಕೂ ಮಾಯದ ಹುಣ್ಣು, ಬಾಯಿ ಬರಬರುತ್ತಾ ಬಿಗಿಯುವದು ಇವುಗಳನ್ನು ಕಂಡವರು ಕೂಡಲೆ ತೋರಿಸಬೇಕು. ಇಂಥಾ ಕಲೆಗಳೆಲ್ಲಾ ಕ್ಯಾನ್ಸರ್ ಅಲ್ಲ, ಆದರೆ ಯಾವದು ಹೌದು ಯಾವದು ಅಲ್ಲ ಎಂಬದನ್ನು ಕನ್ನಡಿ ಹಿಡಿದು ನೋಡಿ ತಿಳಿಯಲಿಕ್ಕಾಗದು.

ನಾನು ಅವನಿಗೆ ಇದನ್ನೆಲ್ಲಾ ಎರಡು ಸಾರಿ ಹೇಳಿದ್ದೆನು. ಅವನು ತಲೆಯಾಡಿಸಿ ತೋಟಕ್ಕೆ ಹೋಗುತ್ತಿದ್ದನು. ಮೂರನೆಯ ಸಾರಿ ನಾನು ಬುದ್ಧಿ ಹೇಳುವದನ್ನು ಬಿಟ್ಟು, ಏಳು ವರುಷಗಳ ಹಿಂದೆ ಒಂದು ಕೆನ್ನೆಯನ್ನು ಶಸ್ತ್ರಕ್ಕೆ ಕೊಟ್ಟು ಬದುಕಿರುವ ಒಬ್ಬ ಸಭಾಹಿರಿಯರನ್ನು ಅವರ ಒಪ್ಪಿಗೆಯಿಂದ ಸಂಗಡ ಕರೆದುಕೊಂಡು ಹೋದೆನು. ಹಿರಿಯರ ಮುಖವು ಒಂದು ಬದಿಗೆ ಎಳೆದಿದೆ, ಮಾತು ಸ್ವಲ್ಪ ತೊದಲುತ್ತದೆ. ಅವರು ಜಗಲಿಯಲ್ಲಿ ಕುಳಿತು ಬಹಳ ಹೊತ್ತು ಮಳೆಯನ್ನು ನೋಡಿದರು. ಆಮೇಲೆ, “ತಮ್ಮಾ, ಹೆಂಡತಿಗೆ ಹೇಳಿದೆಯೋ?” ಎಂದಷ್ಟೇ ಕೇಳಿದರು. ಅವನು ಅಳಲಿಕ್ಕೆ ಪ್ರಾರಂಭಿಸಿದನು. ನಾನು ಎದ್ದು ಅಂಗಳಕ್ಕೆ ಇಳಿದೆನು.

ಎಷ್ಟೋ ಹೊತ್ತಿನ ಮೇಲೆ ಅವರ ಮಾತು ಕೇಳಿಸಿತು. ಅವನು ಮದ್ದಿನ ವಿಷಯವಾಗಿ ಒಂದನ್ನೂ ಕೇಳಲಿಲ್ಲ. ಶಸ್ತ್ರ ಮಾಡಿದ ಮೇಲೆ ಊಟ ಹೇಗೆ, ಮೊಮ್ಮಕ್ಕಳು ಮುಖ ನೋಡಿ ಹೆದರಿದರೋ, ಎಲೆಯಡಿಕೆ ಬಿಟ್ಟ ಮೊದಲ ವಾರ ಕೈಗೆ ಏನು ಕೆಲಸ ಕೊಟ್ಟಿರಿ ಎಂದು ಕೇಳಿದನು. ಹಿರಿಯರು ಒಂದೊಂದಕ್ಕೂ ಉತ್ತರ ಕೊಟ್ಟರು. ಕುಚ್ಚಲಕ್ಕಿಯ ಗಂಜಿಯನ್ನು ಎಷ್ಟು ನುಣ್ಣಗೆ ಮಾಡಬೇಕೆಂದು ಅವನ ಹೆಂಡತಿಯನ್ನು ಕರೆದು ಹೇಳಿದರು. ಆಕೆಗೆ ಸಂಗತಿ ತಿಳಿದದ್ದು ಹಾಗೆಯೇ.

ಮುಂದಿನ ಸೋಮವಾರ ಬೆಳಗ್ಗೆ ಮೊದಲನೆಯ ಬಸ್ಸಿಗೆ ಅವರಿಬ್ಬರು ಹೊರಟರು. ಪರೀಕ್ಷೆಯಲ್ಲಿ ಬಂದ ಉತ್ತರ, ಇನ್ನೂ ಕ್ಯಾನ್ಸರಿಗೆ ತಿರುಗಿಲ್ಲ, ಅಡಿಕೆಯನ್ನು ಪೂರ್ತಿ ಬಿಟ್ಟು ತಪ್ಪದೆ ತೋರಿಸುತ್ತಿರಬೇಕು ಎಂದಾಗಿತ್ತು. ಅವನು ಬಿಟ್ಟು ಈಗ ಎಂಟು ತಿಂಗಳಾಯಿತು. ನಡುವೆ ಎರಡು ಸಾರಿ ಸೋತನು, ಎರಡು ಸಾರಿಯೂ ಹಿರಿಯರ ಮನೆಗೆ ಹೋಗಿ ಹೇಳಿದನು. ಅವನ ಮನೆಯ ಜಗಲಿಯಲ್ಲಿ ಎಲೆಯಡಿಕೆಯ ತಟ್ಟೆ ಇದ್ದಲ್ಲಿ ಈಗ ಒಂದು ನೀರಿನ ತಂಬಿಗೆಯೂ ಹುರಿದ ಕಡಲೆಯ ಡಬ್ಬಿಯೂ ಇವೆ. ಹೋದ ತಿಂಗಳು ತಪಾಸಣೆಗೆ ಹೋದಾಗ, ಕಲ್ಮಕಾರಿನ ಕಡೆಯ ಒಬ್ಬ ಹುಡುಗನು ಅವರಿಬ್ಬರ ಸಂಗಡ ಬಸ್ಸಿನಲ್ಲಿದ್ದನು. ಅವನ ಬಾಯಿ ಎರಡು ಬೆರಳಿನಷ್ಟೇ ತೆರೆಯುತ್ತದೆ.